ಚೆಂಡು ಹೋದ ಮೇಲೆ ಬೀಳುವ ಏಟು

ಕಳೆದ ತಿಂಗಳು ನಮ್ಮ ಆಫೀಸಿನ ಫುಟ್ಬಾಲ್ ಟೂರ್ನಮೆಂಟ್ ಇತ್ತು. ನನ್ನ ಕಾಲು ಉಳುಕಿದ್ದರಿಂದ ಆಡುವ ಹಾಗಿರಲಿಲ್ಲ. ಸುಮ್ಮನೆ ಕೂತಿದ್ದವನ ಕೈಗೆ ಸೀಟಿ ಕೊಟ್ಟು "ನೀನೇ ರೆಫರಿ" ಅಂದರು. ಸೀಟಿ ಸಿಕ್ಕಿದ ಖುಷಿಯಲ್ಲಿ ನಾನೂ ಒಪ್ಪಿಕೊಂಡೆ.

ಎರಡನೇ ಮ್ಯಾಚಿನಲ್ಲಿ ನಮ್ಮ ಟೆಸ್ಟಿಂಗ್ ಟೀಮಿನ ಹುಡುಗನೊಬ್ಬ ಬಲಗಡೆಯಿಂದ ಓಡಿಬಂದು ಚೆಂಡನ್ನು ಒದ್ದ. ಚೆಂಡು ನೇರ ಬಲೆಯೊಳಗೆ. ನಾನು ಜೋರಾಗಿ ಸೀಟಿ ಊದಿ ಗೋಲ್ ಅಂತ ಕೈ ತೋರಿಸಿದೆ. ತಿರುಗಿ ನೋಡಿದರೆ ಗೋಲ್ ಹೊಡೆದವನು ಮಂಡಿ ಹಿಡಿದುಕೊಂಡು ನೆಲದ ಮೇಲೆ ಉರುಳಾಡುತ್ತಿದ್ದಾನೆ. ಅವನು ಒದ್ದಾದ ಮೇಲೆ ಎದುರಿನವನು ಜಾರಿಕೊಂಡು ಬಂದು, ನೆಲಕ್ಕೆ ಊರಿದ್ದ ಅವನ ಕಾಲಿಗೇ ಬಡಿದಿದ್ದ. ನಾನು ನೋಡಿರಲೇ ಇಲ್ಲ! ನಾನು ನೋಡುತ್ತಿದ್ದದ್ದು ಚೆಂಡನ್ನು.

"ಕಾರ್ಡ್ ಕೊಡಿ" ಅಂತ ಒಂದು ಕಡೆಯವರು, "ಗೋಲ್ ಆಯ್ತಲ್ಲ ಗುರೂ, ಇನ್ನೇನು ಫೌಲು" ಅಂತ ಇನ್ನೊಂದು ಕಡೆಯವರು. ನಾನು ಕಾರ್ಡ್ ಕೊಡಲಿಲ್ಲ. ಗೋಲ್ ಕೊಟ್ಟಿದ್ದೇನಲ್ಲ, ಲೆಕ್ಕ ಸರಿಹೋಯಿತು ಅಂದುಕೊಂಡೆ. ಹುಡುಗನಿಗೆ ಲಿಗಮೆಂಟ್ ಹರಿದಿದೆ ಅಂತ ಎರಡು ದಿನದ ಮೇಲೆ ಗೊತ್ತಾಯಿತು. ಅವನು ಇನ್ನೂ ಊರುಗೋಲು ಹಿಡಿದೇ ಓಡಾಡುತ್ತಿದ್ದಾನೆ.

ಅವತ್ತಿನಿಂದ ಈ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಚೆಂಡು ಒದ್ದವನಿಗೆ, ಒದ್ದಾದ ಮೇಲೆ ಬೀಳುವ ಏಟನ್ನು ಆಟದ ಕಾನೂನು ಹೇಗೆ ನೋಡುತ್ತಾ ಬಂದಿದೆ? ಹುಡುಕುತ್ತಾ ಹೋದರೆ ಅದಕ್ಕೆ ನೂರಾರವತ್ತು ವರ್ಷಕ್ಕೂ ಹಳೆಯ ಚರಿತ್ರೆಯೇ ಇದೆ. ಅದರ ಒಂದು ಪುಟ ನಮ್ಮ ಬೆಂಗಳೂರಿನಲ್ಲೇ, ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಬರೆಯಲ್ಪಟ್ಟಿದ್ದು.

ಚರಿತ್ರೆಗೆ ಹೋಗುವ ಮುಂಚೆ ನಮ್ಮೂರಿನ ಒಬ್ಬರ ವಿಷಯ ಹೇಳಬೇಕು. ನಮ್ಮೂರು ಕಾಮಸಮುದ್ರ. ಬಂಗಾರಪೇಟೆಯಿಂದ ಚೆನ್ನೈ ಕಡೆ ಹೋಗುವ ರೈಲಿನಲ್ಲಿ ಕೂತರೆ ಸ್ವಲ್ಪ ಹೊತ್ತಿಗೇ ಸಿಗುವ ಊರು. ಎಕ್ಸ್‌ಪ್ರೆಸ್ ರೈಲಿನಲ್ಲಿ ಕೂತವರಿಗೆ ಬೋರ್ಡು ಓದುವಷ್ಟೂ ಸಮಯ ಸಿಗುವುದಿಲ್ಲ :-) ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು ಹತ್ತಿರ. ಕಾಡಂಚಿನಲ್ಲಿ ಆನೆ ಕಾಟ. ನಮ್ಮ ಬೀದಿಯಲ್ಲಿ ಕೆ.ಜಿ.ಎಫ್. ಗಣಿಯಲ್ಲಿ ಕೆಲಸ ಮಾಡಿದ್ದ ಒಬ್ಬರಿದ್ದರು. ನಾವೆಲ್ಲ ಮಾಮ ಅಂತಲೇ ಕರೆಯುತ್ತಿದ್ದದ್ದು. ಮನೆಯಲ್ಲಿ ತೆಲುಗು, ಗಣಿಯ ಗೆಳೆಯರ ಜೊತೆ ತಮಿಳು, ನಮ್ಮ ಜೊತೆ ಕನ್ನಡ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರಿನಲ್ಲೇ ಇದ್ದರು. ನಾವು ಹುಡುಗರು ನೀರು ಬತ್ತಿದ ಕೆರೆಯಂಗಳದಲ್ಲಿ ಬರಿಗಾಲಲ್ಲಿ ಚೆಂಡು ಒದೆಯುತ್ತಿದ್ದರೆ ಮಾಮ ಬಂದು ರೆಫರಿಯಾಗುತ್ತಿದ್ದರು. ಸೀಟಿ ಇಲ್ಲ, ನಾಲಿಗೆ ಮಡಚಿ ಹೊಡೆಯುವ ಸಿಳ್ಳೆಯೇ ಸೀಟಿ.

ಗೋಲ್ ಆದಾಗ ನಾವೆಲ್ಲ ಚೆಂಡಿನ ಹಿಂದೆ ಕುಣಿಯುತ್ತಿದ್ದರೆ ಮಾಮ ಮಾತ್ರ ಒದ್ದ ಹುಡುಗನನ್ನೇ ನೋಡುತ್ತಿದ್ದರು. ಒಮ್ಮೆ ಕೇಳಿದ್ದೆ, ಯಾಕೆ ಮಾಮ ಅಂತ.

"ಚೆಂಡಿಗೇನು ನೋವಾಗುತ್ತಾ? ಅದು ಎಲ್ಲಿಗೆ ಬೇಕಾದ್ರೂ ಹೋಗ್ಲಿ. ಗಣೀಲೂ ಅಷ್ಟೇ ಕಣಪ್ಪ, ಮದ್ದು ಸಿಡಿದ ಸದ್ದು ಮುಗೀತು ಅಂತ ಒಳಕ್ಕೆ ಹೋಗ್ಬಾರ್ದು. ಸದ್ದು ನಿಂತ ಮೇಲೇನೇ ಕಲ್ಲು ಬೀಳೋದು."

ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಸಿಡಿದು ಸತ್ತವರನ್ನು ಕಂಡವರ ಮಾತು ಅದು. ಆಗ ನನಗೆ ಅರ್ಥವಾಗಿರಲಿಲ್ಲ.

ಇರಲಿ, ಈಗ ವಿಷಯಕ್ಕೆ ಬರುತ್ತೇನೆ.

ಫುಟ್ಬಾಲ್ ಅನ್ನುವ ಆಟ ಈಗಿನ ರೂಪಕ್ಕೆ ಬಂದದ್ದೇ ಇಂಥದ್ದೊಂದು ಜಗಳದಿಂದ. 1863ರಲ್ಲಿ ಲಂಡನ್ನಿನಲ್ಲಿ ಹಲವು ಕ್ಲಬ್ಬಿನವರು ಸೇರಿ ಎಲ್ಲರಿಗೂ ಒಂದೇ ನಿಯಮ ಬರೆಯಲು ಕೂತರು. ಆಗ 'ಹ್ಯಾಕಿಂಗ್' ಅಂತ ಒಂದು ಪದ್ಧತಿ ಇತ್ತು (ನಮ್ಮ ಕಂಪ್ಯೂಟರ್ ಹ್ಯಾಕಿಂಗ್ ಅಲ್ಲ ಸ್ವಾಮಿ!). ಚೆಂಡಿನ ಜೊತೆ ಓಡುವವನ ಮೊಣಕಾಲ ಕೆಳಗಿನ ಮೂಳೆಗೆ ಬೂಟಿನಿಂದ ಒದೆಯುವುದು. ಅದನ್ನು ನಿಷೇಧಿಸಬೇಕು ಅಂತ ಹೆಚ್ಚಿನವರು ಅಂದರೆ, ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಅದು ಹೋದರೆ ಆಟದ ಗಂಡಸುತನವೇ ಹೋಗುತ್ತದೆ ಅಂತ ವಾದ ಮಾಡಿದರು. ಕೊನೆಗೆ ಹ್ಯಾಕಿಂಗ್ ನಿಷೇಧವಾಯಿತು, ಬ್ಲ್ಯಾಕ್‌ಹೀತ್ ಹೊರಗೆ ನಡೆಯಿತು. ಮುಂದೆ ಆ ಕ್ಲಬ್ಬು ರಗ್ಬಿ ಕಡೆ ಸೇರಿಕೊಂಡಿತು.

ನಿಯಮವೇನೋ ಬಂತು, ಆದರೆ ಅದನ್ನು ನೋಡಿಕೊಳ್ಳುವವರು? ಶುರುವಿನಲ್ಲಿ ಒಂದೊಂದು ತಂಡಕ್ಕೆ ಒಬ್ಬ ಅಂಪೈರು. ಅವರಿಬ್ಬರಿಗೂ ಒಪ್ಪಿಗೆಯಾಗದಿದ್ದರೆ ಗೆರೆಯ ಹೊರಗೆ ನಿಂತ ರೆಫರಿಯನ್ನು ಕೇಳುವುದು. 1891ರಲ್ಲಿ ರೆಫರಿ ಮೈದಾನದ ಒಳಗೆ ಬಂದ. ಪೆನಾಲ್ಟಿ ಕಿಕ್ ಬಂದದ್ದೂ ಅದೇ ವರ್ಷ. ಅಂದರೆ ಆಟ ಹುಟ್ಟಿ 28 ವರ್ಷವಾದ ಮೇಲೆ, ಗೋಲಿನ ಹತ್ತಿರ ಒಬ್ಬನನ್ನು ಕೆಡವಿದರೆ ಅದಕ್ಕೆ ತಕ್ಕ ಶಿಕ್ಷೆ ಬೇಕು ಅಂತ ಹೊಳೆದದ್ದು.

ಅದೇ ಕಾಲಕ್ಕೆ ಆಟ ಬ್ರಿಟಿಷ್ ಸಿಪಾಯಿಗಳ ಜೊತೆ ನಮ್ಮ ಕಡೆಯೂ ಬಂತು. ಬೆಂಗಳೂರು ದಂಡಿನಲ್ಲಿ ಗೋರಾ ಸೈನಿಕರು, ಕೆ.ಜಿ.ಎಫ್.ನಲ್ಲಿ ಜಾನ್ ಟೇಲರ್ ಕಂಪನಿಯ ಇಂಗ್ಲಿಷರು. ಅವರ ಕಾಲಲ್ಲಿ ಬೂಟು, ನಮ್ಮವರದು ಬರಿಗಾಲು. ಬೂಟು ಹಾಕಿದವನು ತಡವಾಗಿ ಬಂದು ಬರಿಗಾಲಿನವನ ಕಾಲಿಗೆ ಒದ್ದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. 1911ರಲ್ಲಿ ಮೋಹನ್ ಬಾಗಾನ್ ತಂಡ ಕಲ್ಕತ್ತಾದಲ್ಲಿ ಐ.ಎಫ್.ಎ. ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿದಾಗ, ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಲ್ಲಿದ್ದರು. ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು.

1948ರ ಲಂಡನ್ ಒಲಿಂಪಿಕ್ಸ್ ತಂಡದಲ್ಲಿ ಬೆಂಗಳೂರಿನವರೇ ಹಲವರಿದ್ದರು. ಅಹ್ಮದ್ ಖಾನ್, ಧನರಾಜ್, ಸಾರಂಗಪಾಣಿ ರಾಮನ್... ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು, ಅದೂ ಎರಡು ಪೆನಾಲ್ಟಿ ಕಳೆದುಕೊಂಡು. ನಮ್ಮ ಆ ಒಂದು ಗೋಲ್ ಹೊಡೆದದ್ದು ರಾಮನ್. ತಂಡದ ಬಹುತೇಕರ ಕಾಲಲ್ಲಿ ಬೂಟಿರಲಿಲ್ಲ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ವಿರುದ್ಧ 1-10ರಿಂದ ಸೋತ ಮೇಲೆ ನಮ್ಮವರಿಗೂ ಬೂಟು ಕಡ್ಡಾಯವಾಯಿತು. ಬರಿಗಾಲಿನ ಆಟದ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತೇವೆ, ಸರಿಯೇ. ಆದರೆ ಆ ಕಾಲುಗಳಿಗೆ ಎಷ್ಟು ಏಟು ಬಿದ್ದಿರಬಹುದು ಅಂತ ಲೆಕ್ಕ ಇಟ್ಟವರು ಯಾರೂ ಇಲ್ಲ. ಇಟ್ಟಿರುವುದು ಗೋಲುಗಳ ಲೆಕ್ಕ ಮಾತ್ರ.

ಇಂಗ್ಲೆಂಡಿನಲ್ಲಿ ಮೊದಲು ರಕ್ಷಣೆ ಸಿಕ್ಕಿದ್ದು ಗೋಲ್ ಕೀಪರನಿಗೆ. ಅದೂ ಸುಲಭವಾಗಿ ಅಲ್ಲ. ಚೆಂಡು ಹಿಡಿದ ಕೀಪರನನ್ನು ಭುಜದಿಂದ ಗುದ್ದುವುದು ಆಗ ನಿಯಮದ ಪ್ರಕಾರವೇ ಸರಿ. 1957ರ ಎಫ್.ಎ. ಕಪ್ ಫೈನಲ್ ಶುರುವಾದ ಕೆಲವೇ ನಿಮಿಷಕ್ಕೆ ಆಸ್ಟನ್ ವಿಲ್ಲಾದ ಪೀಟರ್ ಮೆಕ್‌ಪಾರ್ಲೆಂಡ್ ಗುದ್ದಿದ ಏಟಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಕೀಪರ್ ರೇ ವುಡ್ ಅವರ ಕೆನ್ನೆಯ ಮೂಳೆ ಮುರಿಯಿತು. ಆಗ ಬದಲಿ ಆಟಗಾರನನ್ನು ಇಳಿಸುವ ಪದ್ಧತಿಯೂ ಇರಲಿಲ್ಲ, ಬೇರೆ ಆಟಗಾರನೊಬ್ಬ ಕೀಪರ್ ಆಗಿ ನಿಲ್ಲಬೇಕಾಯಿತು. ವಿಲ್ಲಾ 2-1ರಿಂದ ಗೆದ್ದಿತು, ಎರಡೂ ಗೋಲ್ ಮೆಕ್‌ಪಾರ್ಲೆಂಡ್ ಅವರವೇ! ಮರುವರ್ಷದ ಫೈನಲ್‌ನಲ್ಲಿ ಬೋಲ್ಟನ್ನಿನ ನ್ಯಾಟ್ ಲಾಫ್ಟ್‌ಹೌಸ್, ಕೀಪರ್ ಹ್ಯಾರಿ ಗ್ರೆಗ್ ಅವರನ್ನು ಚೆಂಡಿನ ಸಮೇತ ಗೆರೆಯೊಳಗೆ ತಳ್ಳಿದರು. ಅದೂ ಗೋಲ್ ಆಯಿತು. ಇಂದು ಅದನ್ನು ಯಾವ ರೆಫರಿಯೂ ಒಪ್ಪಲಾರ. ನಿಧಾನವಾಗಿ ಕೀಪರನನ್ನು ಮುಟ್ಟುವುದೇ ಅಪಾಯ ಅನ್ನುವ ಸ್ಥಿತಿ ಬಂತು.

ಆದರೆ ಕೀಪರನೇ ಬಂದು ಒದ್ದವನಿಗೆ ಗುದ್ದಿದರೆ?

ಇದಕ್ಕೆ ಪ್ರಪಂಚದಲ್ಲೇ ಅತಿ ಪ್ರಸಿದ್ಧ ಉದಾಹರಣೆ 1982ರ ಜುಲೈ 8ರ ರಾತ್ರಿ ಸ್ಪೇನಿನ ಸೆವಿಲ್ಲಾದಲ್ಲಿ ನಡೆದದ್ದು. ವಿಶ್ವಕಪ್ ಸೆಮಿಫೈನಲ್, ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ. ಬದಲಿ ಆಟಗಾರನಾಗಿ ಆಗಷ್ಟೇ ಇಳಿದಿದ್ದ ಪ್ಯಾಟ್ರಿಕ್ ಬ್ಯಾಟಿಸ್ಟನ್ ಒಬ್ಬರೇ ಗೋಲಿನ ಕಡೆ ನುಗ್ಗಿದರು. ಚೆಂಡನ್ನು ಒದ್ದೂ ಆಯಿತು. ಜರ್ಮನ್ ಕೀಪರ್ ಹರಾಲ್ಡ್ ಶುಮಾಖರ್ ಹಾರಿ ಬಂದು ಸೊಂಟದಿಂದ ಅವರ ಮುಖಕ್ಕೆ ಬಡಿದರು. ಬ್ಯಾಟಿಸ್ಟನ್ ಪ್ರಜ್ಞೆ ತಪ್ಪಿ ಬಿದ್ದರು, ಹಲ್ಲು ಉದುರಿತು, ಬೆನ್ನುಮೂಳೆಗೂ ಪೆಟ್ಟಾಯಿತು. ಅವರನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ಯಬೇಕಾಯಿತು.

ರೆಫರಿ ಹಾಲೆಂಡಿನ ಚಾರ್ಲ್ಸ್ ಕಾರ್ವರ್. ಅವರ ತೀರ್ಪು ಏನು ಗೊತ್ತೇ? ಗೋಲ್ ಕಿಕ್! ಚೆಂಡು ಪಕ್ಕದಿಂದ ಹೊರಗೆ ಹೋಗಿತ್ತಲ್ಲ, ಅದಕ್ಕೆ. ಫೌಲ್ ಇಲ್ಲ, ಪೆನಾಲ್ಟಿ ಇಲ್ಲ, ಹಳದಿ ಕಾರ್ಡೂ ಇಲ್ಲ. ಆ ಗೋಲ್ ಕಿಕ್ ಒದ್ದವರು ಅದೇ ಶುಮಾಖರ್. ಪಂದ್ಯ 3-3 ಆಗಿ, ವಿಶ್ವಕಪ್ಪಿನ ಇತಿಹಾಸದ ಮೊದಲ ಪೆನಾಲ್ಟಿ ಶೂಟೌಟಿನಲ್ಲಿ ಜರ್ಮನಿ ಗೆದ್ದಿತು.

ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಮೊದಲೆಲ್ಲ ನೋಡಿದಾಗ ಆ ರೆಫರಿಯ ಮೇಲೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಅವರ ಕಣ್ಣು ಚೆಂಡಿನ ಹಿಂದೆ ಹೋಗಿತ್ತು. ನಮ್ಮ ಆಫೀಸಿನ ಮ್ಯಾಚಿನಲ್ಲಿ ನನ್ನ ಕಣ್ಣು ಹೋದದ್ದೂ ಅಲ್ಲಿಗೇ.

ಈ ಘಟನೆ ಕಾನೂನಿನ ಎರಡು ದೌರ್ಬಲ್ಯಗಳನ್ನು ತೋರಿಸಿಕೊಟ್ಟಿತು. ಒಂದು, ಕಣ್ಣು. ಇನ್ನೊಂದು, 'ಬೇಕಂತಲೇ' ಅನ್ನುವ ಪದ. ಆಗಿನ ಹನ್ನೆರಡನೇ ನಿಯಮದ ಪ್ರಕಾರ ಏಟು ಫೌಲ್ ಆಗಬೇಕಾದರೆ ಅದು ಬೇಕಂತಲೇ ಮಾಡಿದ್ದಾಗಿರಬೇಕು. ಇನ್ನೊಬ್ಬರ ಮನಸ್ಸಿನೊಳಗೆ ಏನಿತ್ತು ಅಂತ ರೆಫರಿ ಅರ್ಧ ಸೆಕೆಂಡಿನಲ್ಲಿ ಹೇಗೆ ನೋಡಬೇಕು? ಏಟು ಹಾಕಿದವನು ಕೈ ಎತ್ತಿ "ನಾನು ಚೆಂಡಿಗೆ ಹೋದೆ" ಅಂದರೆ ಮುಗಿಯಿತು.

1990ರ ದಶಕದ ಮಧ್ಯದಲ್ಲಿ ಆ ಪದವನ್ನು ತೆಗೆದುಹಾಕಿದರು. ಅದರ ಜಾಗಕ್ಕೆ ಮೂರು ಮೆಟ್ಟಿಲು ಬಂತು. ಮೊದಲನೆಯದು ಅಜಾಗರೂಕತೆ, ಅಂದರೆ ಎದುರಿನವನನ್ನು ಗಮನಿಸದೆ ನುಗ್ಗಿದ್ದು. ಇದು ಫೌಲ್, ಕಾರ್ಡ್ ಬೇಡ. ಎರಡನೆಯದು, ಅವನಿಗೆ ಅಪಾಯವಾಗುತ್ತದೆ ಅನ್ನುವುದನ್ನು ಲೆಕ್ಕಿಸದೆ ಹೋದದ್ದು. ಇದಕ್ಕೆ ಹಳದಿ ಕಾರ್ಡ್. ಮೂರನೆಯದು, ಬೇಕಾದ್ದಕ್ಕಿಂತ ಹೆಚ್ಚು ಬಲ ಹಾಕಿ ಎದುರಾಳಿಯನ್ನು ಗಾಯದ ಅಪಾಯಕ್ಕೆ ತಳ್ಳಿದ್ದು. ಇದಕ್ಕೆ ಕೆಂಪು ಕಾರ್ಡ್. ಮನಸ್ಸಿನಲ್ಲಿ ಏನಿತ್ತು ಅನ್ನುವ ಪ್ರಶ್ನೆ ಹೋಯಿತು. ಎಷ್ಟು ವೇಗದಲ್ಲಿ ಬಂದ, ಎಷ್ಟು ದೂರದಿಂದ ಬಂದ, ಕಾಲು ಎಷ್ಟು ಎತ್ತರದಲ್ಲಿತ್ತು, ಬೂಟಿನ ಅಡಿ ಎದುರಿಗಿತ್ತೇ, ಚೆಂಡು ಸಿಗುವ ಸಾಧ್ಯತೆ ಇತ್ತೇ... ಕಣ್ಣಿಗೆ ಕಾಣುವ ಇಂಥ ಪ್ರಶ್ನೆಗಳು ಬಂದವು. 1998ರ ಫ್ರಾನ್ಸ್ ವಿಶ್ವಕಪ್ಪಿನ ಹೊತ್ತಿಗೆ, ಹಿಂದಿನಿಂದ ಬಂದು ಅಪಾಯಕಾರಿಯಾಗಿ ಕಾಲಿಗೆ ಹೊಡೆದರೆ ನೇರ ಕೆಂಪು ಕಾರ್ಡ್ ಅಂತಲೂ ಆಯಿತು.

ಪ್ರೋಗ್ರಾಮಿಂಗ್ ಮಾಡುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಳೆಯಲಾಗದ ಇನ್‌ಪುಟ್ಟನ್ನು ತೆಗೆದು ಅಳೆಯಬಹುದಾದದ್ದನ್ನು ಇಟ್ಟರು, ಅಷ್ಟೇ.

ಕಣ್ಣಿನ ಸಮಸ್ಯೆಯನ್ನು ಇನ್ನೂ ಚೆನ್ನಾಗಿ ಬಿಡಿಸಿದವರು ಬೇರೆ ಆಟದವರು. ನಮ್ಮ ಕ್ಲೈಂಟ್‌ಗಳು ಅಮೆರಿಕದವರು. ಸೋಮವಾರದ ಕಾಲ್‌ನಲ್ಲಿ ಫುಟ್ಬಾಲ್ ಅಂತ ಅವರು ಮಾತಾಡುವುದು ಮೊಟ್ಟೆಯಾಕಾರದ ಚೆಂಡಿನ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟದ ಬಗ್ಗೆ. ಆ ಆಟದಲ್ಲಿ ಗುದ್ದುವುದೇ ಕೆಲಸ. 1905ರ ಒಂದೇ ಸೀಸನ್ನಿನಲ್ಲಿ 18 ಜನ ಸತ್ತರು ಅಂತ ಪತ್ರಿಕೆಯೊಂದು ಲೆಕ್ಕ ಕೊಟ್ಟಿತ್ತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಶ್ವೇತಭವನಕ್ಕೇ ಕರೆಸಿ ಆಟ ಸರಿಮಾಡಿಕೊಳ್ಳಿ ಅಂದಿದ್ದರು. ಅಂಥ ಆಟದಲ್ಲೂ ಇಬ್ಬರಿಗೆ ವಿಶೇಷ ರಕ್ಷಣೆ ಇದೆ: ಚೆಂಡನ್ನು ಎಸೆಯುವವನಿಗೆ ಮತ್ತು ಒದೆಯುವವನಿಗೆ. ಕಾರಣ ಸರಳ. ಎಸೆಯುವಾಗ ಅಥವಾ ಒದೆಯುವಾಗ ಮೈ ಪೂರ್ತಿ ಚಾಚಿಕೊಂಡಿರುತ್ತದೆ, ಕಣ್ಣು ಚೆಂಡಿನ ಕಡೆ ಇರುತ್ತದೆ. ಒದ್ದವನಂತೂ ಒಂದೇ ಕಾಲಲ್ಲಿ ನಿಂತಿರುತ್ತಾನೆ. ತಪ್ಪಿಸಿಕೊಳ್ಳಲು ಅವನ ಕೈಯಲ್ಲಿ ಆಗುವುದೇ ಇಲ್ಲ.

ಅವರ ಎನ್.ಎಫ್.ಎಲ್. ಲೀಗಿನಲ್ಲಿ 1938ರಲ್ಲೇ ಎಸೆದವನಿಗೆ ಅನ್ಯಾಯವಾಗಿ ಗುದ್ದಿದರೆ 15 ಗಜದ ಶಿಕ್ಷೆ ಬಂತು. ಚೆಂಡು ಕೈಬಿಟ್ಟ ಮೇಲೆ ಗುದ್ದುವವನಿಗೆ ಒಂದು ಹೆಜ್ಜೆಯ ಅವಕಾಶ, ಅದಕ್ಕಿಂತ ತಡವಾದರೆ ಫೌಲ್. ಒದೆಯುವವನ ವಿಷಯದಲ್ಲಿ ಎರಡು ದರ್ಜೆ. ಸುಮ್ಮನೆ ತಗುಲಿದರೆ 5 ಗಜ. ಊರಿದ ಕಾಲಿಗೆ ಬಡಿದರೆ ಅಥವಾ ಬಲವಾಗಿ ಗುದ್ದಿದರೆ 15 ಗಜ. ಗುದ್ದುವವನು ಮೊದಲು ಚೆಂಡನ್ನು ಮುಟ್ಟಿದ್ದರೆ ಅಥವಾ ಬೇರೆಯವರು ಅವನನ್ನು ತಳ್ಳಿದ್ದರೆ ತಪ್ಪಿಲ್ಲ. 'ಊರಿದ ಕಾಲು' ಅಂತ ಓದಿದಾಗ ನಮ್ಮ ಹುಡುಗನ ಮಂಡಿ ನೆನಪಾಗಿ ಮುಂದೆ ಓದಲಾಗಲಿಲ್ಲ. ಅಲ್ಲೂ ನಿಯಮ ಬದಲಾಗುವುದು ಯಾರಾದರೂ ಬಿದ್ದ ಮೇಲೆಯೇ. 2008ರ ಸೀಸನ್ನಿನ ಮೊದಲ ಪಂದ್ಯದಲ್ಲೇ ಟಾಮ್ ಬ್ರೇಡಿ ಅನ್ನುವ ದೊಡ್ಡ ಆಟಗಾರನ ಮಂಡಿ ಹೋಯಿತು. ಮರುವರ್ಷ, ನೆಲಕ್ಕೆ ಬಿದ್ದವನು ಅಲ್ಲಿಂದಲೇ ಎಸೆಯುವವನ ಕಾಲಿಗೆ ನುಗ್ಗಬಾರದು ಅಂತ ನಿಯಮ ಬಿಗಿಯಾಯಿತು.

ನನಗೆ ಅತಿ ಹಿಡಿಸಿದ್ದು ಇದು: ಆ ಆಟದಲ್ಲಿ ಮೈದಾನದಲ್ಲಿ ಏಳು ಜನ ತೀರ್ಪುಗಾರರು. ಅವರಲ್ಲಿ ಮುಖ್ಯಸ್ಥನಾದ ರೆಫರಿ, ಚೆಂಡು ಎಸೆದಾದ ಮೇಲೆ ಚೆಂಡನ್ನು ನೋಡುವುದೇ ಇಲ್ಲ! ಅದನ್ನು ನೋಡಲು ಬೇರೆಯವರಿದ್ದಾರೆ. ಅವನ ಕಣ್ಣು ಎಸೆದವನ ಮೇಲೆ. ಸಾವಿರಾರು ಜನ ಚೆಂಡಿನ ಕಡೆ ಕತ್ತು ತಿರುಗಿಸಿದಾಗ ಒಬ್ಬ ಮಾತ್ರ ತಿರುಗಿಸಬಾರದು ಅಂತ ಅವನಿಗೆ ಹೇಳಿಕೊಟ್ಟಿರುತ್ತಾರೆ. ನಮ್ಮ ಮಾಮ ಕೆರೆಯಂಗಳದಲ್ಲಿ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ?

ಈಗ ಬೆಂಗಳೂರಿಗೆ ಬರೋಣ.

2004ರ ಡಿಸೆಂಬರ್ 5, ಭಾನುವಾರ. ಕಂಠೀರವ ಸ್ಟೇಡಿಯಂನಲ್ಲಿ ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ, ಕಲ್ಕತ್ತಾದ ಮೋಹನ್ ಬಾಗಾನ್. ಡೆಂಪೊ ಪರ ಆಡುತ್ತಿದ್ದವರು ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್, 25 ವರ್ಷ. ಅದಕ್ಕೂ ಮುಂಚೆ ಈಸ್ಟ್ ಬೆಂಗಾಲ್‌ಗೆ ಆಡಿ ಹೆಸರು ಮಾಡಿದ್ದವರು. ಆವತ್ತು ಡೆಂಪೊದ ಎರಡೂ ಗೋಲ್ ಅವರವೇ. ಎರಡನೇ ಗೋಲ್ ಹೊಡೆಯುವಾಗ, ಮುನ್ನುಗ್ಗಿ ಬಂದ ಮೋಹನ್ ಬಾಗಾನ್ ಕೀಪರ್ ಸುಬ್ರತಾ ಪಾಲ್ ಅವರ ಜೊತೆ ಡಿಕ್ಕಿಯಾಯಿತು. ಚೆಂಡು ಗೋಲಿನೊಳಗೆ ಹೋಯಿತು. ಜೂನಿಯರ್ ಕುಸಿದು ಬಿದ್ದರು. ಮತ್ತೆ ಏಳಲೇ ಇಲ್ಲ.

ಮಾರನೇ ದಿನ ಪೇಪರಿನಲ್ಲಿ ಬಂದ ಸುದ್ದಿಯನ್ನು ಮಾಮ ನಮ್ಮ ಮನೆ ಜಗಲಿಯ ಮೇಲೆ ಕೂತು ಓದಿದ್ದು ನನಗೆ ಮಸುಕು ಮಸುಕಾಗಿ ನೆನಪಿದೆ. ಓದಿ, ಪೇಪರ್ ಮಡಚಿಟ್ಟು, ಏನೂ ಮಾತಾಡದೆ ಎದ್ದುಹೋದರು.

ಆ ಗೋಲ್ ಗೋಲಾಗಿಯೇ ಉಳಿಯಿತು. ಡೆಂಪೊ 2-0ಯಿಂದ ಕಪ್ ಗೆದ್ದಿತು. ಹೃದಯ ನಿಂತದ್ದೇ ಸಾವಿಗೆ ಕಾರಣ ಅಂತ ವರದಿಯಾಯಿತು. ಮೈದಾನದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇತ್ತೇ ಅನ್ನುವ ಪ್ರಶ್ನೆಗಳು ಎದ್ದವು. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಪಾಲ್ ಅವರನ್ನು ಕೆಲ ಕಾಲ ಅಮಾನತು ಮಾಡಿತು. ಡೆಂಪೊ ತಂಡ ಜೂನಿಯರ್ ಅವರ 10ನೇ ನಂಬರಿನ ಅಂಗಿಯನ್ನು ಅವರ ನೆನಪಿಗಾಗಿ ಎತ್ತಿಟ್ಟಿತು.

ಸುಬ್ರತಾ ಪಾಲ್ ಅವರಿಗೆ ಆಗಿನ್ನೂ ಹದಿನೇಳು ತುಂಬಿ ಹದಿನೆಂಟರ ಹೊಸ್ತಿಲು. ಮುಂದೆ ಅವರು ಭಾರತ ತಂಡದ ಕೀಪರ್ ಆಗಿ 2011ರ ಏಷ್ಯಾ ಕಪ್ಪಿನಲ್ಲಿ ದೋಹಾದಲ್ಲಿ ಅದ್ಭುತವಾಗಿ ಆಡಿದರು, ಅರ್ಜುನ ಪ್ರಶಸ್ತಿಯೂ ಬಂತು. ಅವರ ಮನಸ್ಸಿನಲ್ಲಿ ಆ ಕ್ಷಣ ಏನಿತ್ತು ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಕಾನೂನೇ ಆ ಪ್ರಶ್ನೆ ಕೇಳುವುದನ್ನು ಬಿಟ್ಟು ಆಗಲೇ ಹತ್ತು ವರ್ಷವಾಗಿತ್ತು. ಒಂದು ಡಿಕ್ಕಿ ಎರಡು ಬದುಕಿನ ಮೇಲೆ ಬಿದ್ದಿತು, ಒಂದು ಅಲ್ಲೇ ಮುಗಿಯಿತು, ಇನ್ನೊಂದು ಅದನ್ನು ಹೊತ್ತುಕೊಂಡು ಆಡುತ್ತಾ ಹೋಯಿತು. ಇಷ್ಟು ಮಾತ್ರ ಹೇಳಬಲ್ಲೆ.

ಇಷ್ಟೆಲ್ಲ ಓದಿದ ಮೇಲೆ ನನ್ನ ತಪ್ಪು ಎಲ್ಲಿತ್ತು ಅಂತ ಸ್ಪಷ್ಟವಾಯಿತು. "ಗೋಲ್ ಆಯ್ತಲ್ಲ, ಇನ್ನೇನು ಫೌಲು" ಅನ್ನುವುದು ನಮ್ಮ ಗಲ್ಲಿ ಆಟದಿಂದ ಹಿಡಿದು ದೊಡ್ಡ ಪಂದ್ಯಗಳವರೆಗೂ ಇರುವ ನಂಬಿಕೆ. ಒದ್ದಾದ ಮೇಲೆ ಬಿದ್ದ ಏಟಿಗೆ ಪೆನಾಲ್ಟಿ ಕೊಡಲು ರೆಫರಿಗಳು ಹಿಂದೆಮುಂದೆ ನೋಡುತ್ತಾರೆ, ಅವನಿಗೆ ಸಿಗಬೇಕಾದ ಅವಕಾಶ ಸಿಕ್ಕಾಗಿದೆ ಅಂತ. ನಿಯಮದ ಪುಸ್ತಕದಲ್ಲಿ ಹಾಗಿಲ್ಲ. ಏಟು ಬೀಳುವಾಗ ಚೆಂಡು ಇನ್ನೂ ಆಟದಲ್ಲಿದ್ದರೆ ಅದು ಫೌಲೇ, ಪೆನಾಲ್ಟಿ ಜಾಗದಲ್ಲಾದರೆ ಪೆನಾಲ್ಟಿಯೇ. ಚೆಂಡು ಗೋಲಿನೊಳಗೋ ಗೆರೆಯಾಚೆಗೋ ಹೋಗಿದ್ದರೆ ಪೆನಾಲ್ಟಿ ಇಲ್ಲ, ಸರಿ. ಆದರೆ ಕಾರ್ಡ್ ಇದೆ. ಅಡ್ವಾಂಟೇಜ್ ಕೊಟ್ಟು ಗೋಲ್ ಆಗಲು ಬಿಟ್ಟರೂ, ಮುಂದೆ ಆಟ ನಿಂತಾಗ ಗುದ್ದಿದವನನ್ನು ಕರೆದು ಕಾರ್ಡ್ ತೋರಿಸಬಹುದು. ಗೋಲು ತಂಡಕ್ಕೆ ಸೇರಿದ್ದು, ಕಾಲು ಹುಡುಗನದು. ಇದರ ಲೆಕ್ಕವನ್ನು ಅದರ ಖಾತೆಗೆ ಹಾಕಲಾಗುವುದಿಲ್ಲ.

ಮೊನ್ನೆ ಊರಿಗೆ ಹೋಗಿದ್ದಾಗ ಮಾಮನ ಮನೆಗೆ ಹೋಗಿದ್ದೆ. ಈಗ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ. ಆಫೀಸಿನ ಮ್ಯಾಚಿನ ಕಥೆಯನ್ನೆಲ್ಲ ಜೋರಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಸ್ಕೋರ್ ಎಷ್ಟಾಯಿತು, ಯಾರು ಗೆದ್ದರು ಅಂತ ಕೇಳಲಿಲ್ಲ.

"ಆ ಹುಡ್ಗನ್ ಕಾಲು ಹೆಂಗೈತೆ ಈಗ?" ಅಂದರು.

ನಾಳೆ ಆಫೀಸಿಗೆ ಹೋದಾಗ ಮೊದಲು ಅವನನ್ನು ಮಾತಾಡಿಸಬೇಕು. ನಾನು ನೋಡಲಿಲ್ಲ, ತಪ್ಪಾಯಿತು ಅಂತ ಇನ್ನೂ ಹೇಳಿಲ್ಲ.